ನಾಟಕಕ್ಕೆ ಅಡಿಬರಹ, ಬೇಸ್‌ಮೆಂಟಿಗೆ ಗೋಡೆ

ಯಾರಾದರೂ ನನ್ನನ್ನು ಸೋಮಾರಿ ಎಂದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಸೋಮಾರಿಯಾದವನು ಏನೂ ಮಾಡದೆ ಸುಮ್ಮನೆ ಕೂರುತ್ತಾನೆ. ನಾನು ಅಂಥವನಲ್ಲ. ಮಾಡಲೇಬೇಕಾದ ಕೆಲಸ ಒಂದನ್ನು ಬಿಟ್ಟು ಉಳಿದ ಕೆಲಸಗಳನ್ನೆಲ್ಲ ಬಹಳ ನಿಷ್ಠೆಯಿಂದ ಮಾಡುವವನು. ಹಿತ್ತಲಿನ ಹುಲ್ಲು ಕತ್ತರಿಸಬೇಕಾದ ದಿನ ಮನೆಯ ಗಡಿಯಾರಗಳಿಗೆಲ್ಲ ಹೊಸ ಬ್ಯಾಟರಿ ಹಾಕುತ್ತೇನೆ. ಡ್ರೈವ್‌ವೇಯ ಹಿಮ ಎತ್ತಿ ಹಾಕಬೇಕಾದ ಬೆಳಿಗ್ಗೆ ಅಡುಗೆಮನೆಯ ಡಬ್ಬಿಗಳಿಗೆ ಜೀರಿಗೆ, ಮೆಂತ್ಯ, ಧನಿಯಾ ಎಂದು ಮುದ್ದಾಗಿ ಬರೆದು ಚೀಟಿ ಅಂಟಿಸುತ್ತೇನೆ. ಹೀಗೆ ದುಡಿದೂ ದುಡಿದೂ ಸಂಜೆ ಸೊಂಟ ಹಿಡಿದುಕೊಂಡು ಕೂತಾಗ ನನ್ನ ಹೆಂಡತಿ ಗಿರಿಜಾ ಬಂದು, "ಏನ್ ಮಾಡೀರಿ ಇವತ್ತ?" ಎಂದು ಕೇಳುತ್ತಾಳೆ. ಅವಳು ಹುಬ್ಬಳ್ಳಿಯವಳು. ಅಲ್ಲಿಯವರು ಪ್ರಶ್ನೆಯನ್ನು ಎಷ್ಟು ನೆಟ್ಟಗೆ ಕೇಳುತ್ತಾರೆಂದರೆ, ಮೈಸೂರಿನ ಕಡೆಯವನಾದ ನನಗೆ ಸುತ್ತಿ ಬಳಸಿ ಉತ್ತರ ಕೊಡಲು ಜಾಗವೇ ಸಿಗುವುದಿಲ್ಲ.

ನಾನು ಮಾಡಲೇಬೇಕಾಗಿದ್ದ ಆ ಒಂದು ಕೆಲಸ ಯಾವುದು ಎಂದು ಹೇಳಿಬಿಡುತ್ತೇನೆ, ಹೇಗೂ ನಮ್ಮ ಕನ್ನಡ ಸಂಘದಲ್ಲಿ ಅದು ಗೊತ್ತಿಲ್ಲದವರಿಲ್ಲ. ಟೊರಾಂಟೊ ಸುತ್ತಮುತ್ತ ಮನೆ ಕೊಳ್ಳುವ ನಮ್ಮವರಿಗೆಲ್ಲ ಬಿಲ್ಡರು ಮನೆಯ ಜೊತೆಗೆ ಒಂದು ಮುಗಿಯದ ಬೇಸ್‌ಮೆಂಟನ್ನೂ ಒಂದು ಮುಗಿಯದ ಆಸೆಯನ್ನೂ ಕೊಟ್ಟು ಕಳಿಸುತ್ತಾನೆ. ಬೇಸ್‌ಮೆಂಟೆಂದರೆ ಬರೀ ಕಾಂಕ್ರೀಟು, ಒಂದು ಬೋಳು ಬಲ್ಬು, ಮನೆ ಬೆಚ್ಚಗಿಡಲು ಗುರುಗುಟ್ಟುವ ಫರ್ನೇಸು. ಆಸೆಯೆಂದರೆ, ಕೂಲಿಯವರನ್ನು ಕರೆಸದೆ ಇದನ್ನೆಲ್ಲ ನಾನೇ ಕೈಯಾರೆ ಮುಗಿಸುತ್ತೇನೆ ಎನ್ನುವುದು. ನಮ್ಮ ಊರುಗಳಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಡಗಿಯನ್ನು ಕರೆಸುತ್ತಿದ್ದ ವಂಶದವರು ನಾವು. ಕೆನಡಾದಲ್ಲಿ ಕಾಯಂ ನೆಲೆಸಲು ಬಿಡುವ ಪಿ.ಆರ್. ಕಾರ್ಡು ಕೈಗೆ ಬಂದದ್ದೇ ತಡ, ನಮ್ಮಲ್ಲೊಬ್ಬ ವಿಶ್ವಕರ್ಮ ಎದ್ದು ನಿಲ್ಲುತ್ತಾನೆ. ನಾನೂ ಮಿಸಿಸಾಗಾದ ಮನೆಗೆ ಬಂದ ಮೊದಲ ವಸಂತದಲ್ಲೇ ಮರದ ಪಟ್ಟಿಗಳನ್ನು ನಿಲ್ಲಿಸಿ, ಅವುಗಳ ನಡುವೆ ಚಳಿ ತಡೆಯುವ ಗುಲಾಬಿ ಬಣ್ಣದ ಉಣ್ಣೆ ತುರುಕಿ, ಮೇಲೆ ಹೊಡೆಯಬೇಕಾದ ಡ್ರೈವಾಲ್ ಹಲಗೆಗಳನ್ನು ತಂದು ಒಂದರ ಮೇಲೊಂದು ಪೇರಿಸಿಟ್ಟೆ. ಆಮೇಲೆ ದಣಿವಾಯಿತು, ಆ ಹಲಗೆಗಳ ಮೇಲೆ ಕೂತೆ. ಕೂತು ನೋಡಿದರೆ ಎತ್ತರ ಬಹಳ ಹಿತವಾಗಿತ್ತು. ಎದುರಿಗೊಂದು ಹಳೆಯ ಟೇಬಲ್ ಎಳೆದುಕೊಂಡು ಕಂಪ್ಯೂಟರ್ ಇಟ್ಟೆ. ಅಲ್ಲಿಗೆ ಬೇಸ್‌ಮೆಂಟಿನ ಕೆಲಸ ನಿಂತಿತು. ಊರಿನಿಂದ ಬಂದ ನೆಂಟರಿಗೆ ನಯಾಗರ ತೋರಿಸುತ್ತಿದ್ದೆವು, ಪೋರ್ಟ್ ಕ್ರೆಡಿಟ್ಟಿನಲ್ಲಿ ಸರೋವರದ ದಂಡೆ ಸುತ್ತಿಸುತ್ತಿದ್ದೆವು, ಕೊನೆಗೆ ಮನೆಗೆ ಕರೆತಂದು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಲ್ಲಿಸಿ, "ಇಲ್ಲಿ ಹೋಮ್ ಥಿಯೇಟರ್ ಬರುತ್ತೆ, ಅಲ್ಲಿ ಗೆಸ್ಟ್ ರೂಮ್ ಬರುತ್ತೆ" ಎಂದು ನಾನು ಕೈ ತೋರಿಸುತ್ತಿದ್ದೆ. ಗಿರಿಜಾ ಮಾತ್ರ ಅದು ಮುಗಿಯುವವರೆಗೆ ಕೆಳಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದ್ದಳು. ಊಟಕ್ಕೆ ಕರೆಯಬೇಕಾದರೂ ಮೇಲಿನ ಮೆಟ್ಟಿಲಲ್ಲೇ ನಿಂತು ಕೂಗುತ್ತಿದ್ದಳು.

ಎರಡು ಸಾವಿರದ ನಾಲ್ಕನೆಯ ಇಸವಿಯ ಆಸುಪಾಸು ಇರಬೇಕು, ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ಒಂದು ನಾಟಕ ಆಡಿದರು. ಬರೆದವರು ಸಂಘದ ಕಾರ್ಯದರ್ಶಿ. ಮಿಸಿಸಾಗಾದಲ್ಲಿ ಮನೆ ಕೊಂಡ ಒಬ್ಬ ಗಂಡ, ಒಬ್ಬ ಹೆಂಡತಿ. ಅವರ ಮನೆಗೆ ಹೇಳದೆ ಕೇಳದೆ ಬಂದು ಝಾಂಡಾ ಊರುವ ಒಬ್ಬ ದೂರದ ನೆಂಟ. ಅವನನ್ನು ಎಲ್ಲಿ ಮಲಗಿಸುವುದು ಎಂಬ ಜಗಳ. ಹೆಂಡತಿಯ ಪಾತ್ರ ಗಿರಿಜಾಗೆ ಸಿಕ್ಕಿತು. ಬಾಯಿಪಾಠ ಮಾಡುವಾಗ ಅವಳು ಒಲೆಯ ಮುಂದೆ, ಕಾರಿನಲ್ಲಿ, ತಾನು ಕೆಲಸ ಮಾಡುವ ಮಕ್ಕಳ ಡೇಕೇರಿನಲ್ಲಿ ಎಲ್ಲ ಕಡೆ ಗೊಣಗಿಕೊಳ್ಳುತ್ತಿದ್ದಳು. ಹಾಗಾಗಿ ನನಗೂ ಎಲ್ಲ ಮಾತುಗಳು ಬರುತ್ತಿದ್ದವು. ಆದರೆ ನಾಟಕದ ದಿನ, ಗಂಡನ ಪಾತ್ರಧಾರಿ "ನೆಂಟನಿಗೆ ಬೇಸ್‌ಮೆಂಟಿನಲ್ಲಿ ಹಾಸಿಗೆ ಹಾಕು" ಎಂದು ಹೇಳಿದ್ದೇ, ಗಿರಿಜಾ ಸೊಂಟದ ಮೇಲೆ ಕೈಯಿಟ್ಟು, ಕಾರ್ಯದರ್ಶಿ ಬರೆಯದೇ ಇದ್ದ ಮಾತೊಂದನ್ನು ಹೇಳಿಬಿಟ್ಟಳು. "ಮಾಡ್ತೀನಿ ತಡೀ, ಮಾಡ್ತೀನಿ ತಡೀ ಅನಕೋತ ನಾಕು ಚಳಿಗಾಲ ಕಳದ್ರಿ. ಇನ್ನೊಂದ್ ಸ್ವಲ್ಪ ತಡೀರಿ. ಆ ಗ್ವಾಡಿನ ನಿಮ್ಮ ದಾರಿ ಕಾದು ಕಾದು, ಬ್ಯಾಸತ್ತು..." ಇಲ್ಲಿ ಒಂದು ಕ್ಷಣ ನಿಂತಳು. "...ತಾನ ಎದ್ದು ನಿಂದರತೈತಿ!"

ನಕ್ಕರು ಎಂದರೆ ಸಾಲದು. ನಕ್ಕವರು ವೇದಿಕೆಯನ್ನು ನೋಡಿಯಾದರೂ ನಗಬೇಕಿತ್ತು. ಮುಂದಿನ ಸಾಲುಗಳವರೆಲ್ಲ ಹಿಂದಕ್ಕೆ ತಿರುಗಿ, ಹಿಂದಿನ ಸಾಲುಗಳವರೆಲ್ಲ ಮುಂದಕ್ಕೆ ಬಾಗಿ, ನಾನು ಕೂತಿದ್ದ ಕುರ್ಚಿಯನ್ನೇ ನೋಡಿ ನಕ್ಕರು. ನಮ್ಮ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಹೋಮ್ ಥಿಯೇಟರ್ ನೋಡಿ ಹೋಗದವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ನಾನೂ ಕ್ರೀಡಾಮನೋಭಾವದವನಂತೆ ಕೈ ಬೀಸಿ ನಕ್ಕೆ. ಅಂಥ ನಗೆಯನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬೇಕು ಎಂಬುದು ಗೊತ್ತಾಗದೆ ದವಡೆ ನೋಯತೊಡಗಿತು.

ಆ ನಗೆಯನ್ನು ಕೇಳದವಳು ಒಬ್ಬಳೇ, ನಮ್ಮ ಮಗಳು ಅನಘಾ. ಆಗ ಅವಳಿಗೆ ಹದಿಮೂರು. ಕನ್ನಡ ಕಾರ್ಯಕ್ರಮಕ್ಕೆ ಕರೆದರೆ, "ಇಟ್ಸ್ ಸೋ ಬೋರಿಂಗ್, ಅಪ್ಪಾ. ನಥಿಂಗ್ ಹ್ಯಾಪನ್ಸ್, ಆ್ಯಂಡ್ ದೆನ್ ದೇರೀಸ್ ಬಿಸಿಬೇಳೆ ಬಾತ್" ಎನ್ನುತ್ತಿದ್ದಳು. ಈ ವಿಮರ್ಶೆಯಲ್ಲಿ ತಪ್ಪು ಹುಡುಕುವುದು ಕಷ್ಟ. ನಾಟಕದ ದಿನ ಅವಳು ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಹೋಗಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಊಟ, ನಿದ್ದೆ, ಜಾಕೆಟ್ಟು, ಹೋಮ್‌ವರ್ಕಿನಷ್ಟು ಕನ್ನಡ ಅವಳಿಗೆ ತಿಳಿಯುತ್ತದೆ, ಅದರಾಚೆ ಏನೂ ತಿಳಿಯದು ಎಂದು ನಾನು ತೀರ್ಮಾನಿಸಿದ್ದೆ. ಈ ತೀರ್ಮಾನದಿಂದ ಅನುಕೂಲವೂ ಇತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ, ಯಾರ ಮನೆಯ ಪಲ್ಯಕ್ಕೆ ಉಪ್ಪಿರಲಿಲ್ಲ, ಯಾರು ಹೊಸ ಕಾರು ತೋರಿಸುವುದಕ್ಕೆಂದೇ ನಮ್ಮನ್ನು ಊಟಕ್ಕೆ ಕರೆದಿದ್ದರು ಎಂಬುದನ್ನೆಲ್ಲ ನಾನು ಕನ್ನಡದಲ್ಲಿ ಧಾರಾಳವಾಗಿ ಮಾತಾಡುತ್ತಿದ್ದೆ.

ಯುಗಾದಿ ಹತ್ತಿರ ಬಂತು. ನಾಟಕವನ್ನು ಮತ್ತೊಮ್ಮೆ ಆಡಿಸಿ ಎಂದು ಜನ ಕೇಳಿದರು. ಅಷ್ಟರಲ್ಲಿ ಗಂಡನ ಪಾತ್ರಧಾರಿ ಕೆಲಸ ಸಿಕ್ಕಿತೆಂದು ಕ್ಯಾಲ್ಗರಿಗೆ ಹೊರಟುಹೋಗಿದ್ದ. ಆಗ ಸಂಘದ ಅಧ್ಯಕ್ಷರಾದ ಶ್ರೀಪತಿಯವರು ಒಂದು ಉಪಾಯ ತೆಗೆದರು. ಪಿಕರಿಂಗ್‌ನಲ್ಲಿರುವ ಈ ಎಂಜಿನಿಯರು ಮೂಲತಃ ಬೆಂಗಳೂರಿನವರು, ಉಪಾಯಗಳಿಗೆ ಯಾವತ್ತೂ ಕೊರತೆಯಿಲ್ಲ. ದೀಪಾವಳಿಯಲ್ಲಿ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದಿದ್ದ ನಾಟಕವನ್ನೇ ಪ್ರೊಜೆಕ್ಟರಿನಲ್ಲಿ ತೋರಿಸೋಣ, ಕೆಳಗೆ ಇಂಗ್ಲಿಷ್ ಅಡಿಬರಹ ಬರಲಿ ಎಂದರು. "ಸಾರ್, ಈ ಸಲ ಸಿಟಿ ಕೌನ್ಸಿಲರ್‌ನ ಕರೀತಿದೀವಿ. ಪಾಪ, ಅವ್ರಿಗೂ ಅರ್ಥ ಆಗ್ಬೇಕಲ್ಲ. ಸಬ್‌ಟೈಟಲ್ಸ್ ಒಂದು ನೀವು ನೋಡ್ಕೊಳಿ, ನಿಮ್ಗೆ ಕಂಪ್ಯೂಟರ್ ಗೊತ್ತು" ಎಂದು ಫೋನು ಮಾಡಿದರು. ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ. ನಮ್ಮವರ ಪ್ರಕಾರ ಸಾಫ್ಟ್‌ವೇರಿನವನಿಗೆ ಪ್ರಿಂಟರು, ಮೈಕು, ಫ್ರಿಜ್ಜು ಎಲ್ಲ ಗೊತ್ತಿರಬೇಕು. ನಾನು ಇಲ್ಲವೆನ್ನಬೇಕೆಂದಿದ್ದೆ. ಆದರೆ ಗಿರಿಜಾ ಪಕ್ಕದಲ್ಲೇ ನಿಂತಿದ್ದಳು. ಫೋನಿಟ್ಟ ಮೇಲೆ ಅವಳು ಎಂದೂ ಹೇಳದಿದ್ದ ಧಾಟಿಯಲ್ಲಿ ಹೇಳಿದಳು: "ಇಷ್ಟೊಂದ್ ಮಾಡ್ರಿ. ನಮ್ಮ ಅನಘಾ ನನ್ನ ನಾಟಕ ನೋಡಬೇಕು. ಮನ್ಯಾಗ ನಾ ಬರೇ ಊಟಾ ಮಾಡ, ಮಲ್ಕೋ, ಜಾಕೆಟ್ ಹಾಕ್ಕೋ ಅನ್ನೂ ಹೆಂಗ್ಸು ಅಂತ ತಿಳಕೊಂಡಾಳ. ನಾನೂ ನಾಕ್ ಮಂದೀನ ನಗಸ್ತೀನಿ ಅಂತ ಅಕೀಗೂ ಗೊತ್ತಾಗ್ಲಿ." ಕೆಳಗೆ ಇಂಗ್ಲಿಷ್ ಬರುತ್ತದೆ ಎಂದ ಮೇಲೆ ಅನಘಾ ಕೂಡ, "ಫೈನ್, ಜಸ್ಟ್ ಒನ್ಸ್" ಎಂದು ಒಪ್ಪಿದಳು. ಇದರ ಮೇಲೆ ಬೇಸ್‌ಮೆಂಟಿನ ಕೆಲಸ ತಪ್ಪಿಸಿಕೊಳ್ಳಲು ಇಷ್ಟು ಗೌರವದ ಕಾರಣ ಮತ್ತೆ ಸಿಗುವಂತಿರಲಿಲ್ಲ. ಶನಿವಾರ ಮಧ್ಯಾಹ್ನ ಊಟವಾದದ್ದೇ ನಾನು ಡ್ರೈವಾಲಿನ ಆಸನವೇರಿದೆ.

ಅಡಿಬರಹ ಕೂರಿಸುವ ಕೆಲಸ ಏನೆಂದು ಹೇಳುತ್ತೇನೆ. ಒಂದು ಕಿಟಕಿಯಲ್ಲಿ ನಾಟಕದ ವೀಡಿಯೋ, ಇನ್ನೊಂದರಲ್ಲಿ ನೋಟ್‌ಪ್ಯಾಡು. ಪಾತ್ರ ಬಾಯಿ ತೆರೆದ ತಕ್ಷಣ ವೀಡಿಯೋ ನಿಲ್ಲಿಸಿ ಹೊತ್ತು ನೋಡಬೇಕು, ಬಾಯಿ ಮುಚ್ಚಿದ ತಕ್ಷಣ ಮತ್ತೆ ನಿಲ್ಲಿಸಿ ಮತ್ತೆ ಹೊತ್ತು ನೋಡಬೇಕು. ನೋಟ್‌ಪ್ಯಾಡಿನಲ್ಲಿ ಕ್ರಮಸಂಖ್ಯೆ, ಅದರ ಕೆಳಗೆ ಶುರುವಿನ ಹೊತ್ತು, ಒಂದು ಬಾಣದ ಗುರುತು, ಮುಗಿಯುವ ಹೊತ್ತು, ಅದರ ಕೆಳಗೆ ಇಂಗ್ಲಿಷ್ ಮಾತು. ಗಂಟೆ, ನಿಮಿಷ, ಸೆಕೆಂಡು, ಒಂದು ಅಲ್ಪವಿರಾಮ, ಆಮೇಲೆ ಸೆಕೆಂಡಿನ ಸಾವಿರದ ಪಾಲುಗಳು. ಆ ಅಲ್ಪವಿರಾಮದ ಜಾಗದಲ್ಲಿ ಕೈ ತಪ್ಪಿ ಚುಕ್ಕೆ ಬಿತ್ತೋ, ನನ್ನ ಪ್ಲೇಯರು ಸಿಟ್ಟಾಗಿ ಅಲ್ಲಿಂದ ಮುಂದಿನ ಒಂದು ಮಾತನ್ನೂ ತೋರಿಸುತ್ತಿರಲಿಲ್ಲ. ಇಷ್ಟೆಲ್ಲ ಮಾಡಿ, ಸೇವ್ ಮಾಡಿ, ವೀಡಿಯೋ ಮುಚ್ಚಿ ಮತ್ತೆ ತೆರೆದು ನೋಡಿದರೆ, ಗಂಡ ಮಾತಾಡಿ ಮುಗಿಸಿ ನೀರು ಕುಡಿಯುವಾಗ ಅವನ ಮಾತು ಕೆಳಗೆ ಮೂಡುತ್ತಿತ್ತು. ಮತ್ತೆ ಕಳೆ, ಮತ್ತೆ ಕೂಡಿಸು. ಇನ್ನೂರೈವತ್ತು ಸಾವಿರಾಂಶ ಹಿಂದಕ್ಕೆ ತಂದರೆ ಆತುರವಾಯಿತು ಎನಿಸುವುದು, ನೂರಕ್ಕೆ ಇಳಿಸಿದರೆ ಎಳೆದಾಡಿದ ಹಾಗೆ ಕಾಣುವುದು. ನಾನು ನೂರೆಂಬತ್ತಕ್ಕೆ ಒಪ್ಪಂದ ಮಾಡಿಕೊಂಡು ಅಂಗೈ ಉಜ್ಜಿಕೊಳ್ಳುತ್ತಿದ್ದೆ.

ಯಾರಿಗಾಗಿ ಈ ನಿಖರತೆ ಎಂದು ಒಮ್ಮೊಮ್ಮೆ ನನಗೇ ನಗು ಬರುತ್ತಿತ್ತು. ಸಂಜೆ ಐದಕ್ಕೆ ಸರಿಯಾಗಿ ಎಂದು ಅಚ್ಚು ಹಾಕಿಸಿ, ಆರಕ್ಕೆ ಸಭಾಂಗಣದ ಬೀಗದ ಕೈ ಯಾರ ಹತ್ತಿರವಿದೆ ಎಂದು ಹುಡುಕುವ ಸಂಘ ನಮ್ಮದು. ಆ "ಸರಿಯಾಗಿ" ಎಂಬ ಪದವನ್ನು ಶಾಮಿಯಾನದ ಜಾಲರಿಯ ಹಾಗೆ ಬರೀ ಅಲಂಕಾರಕ್ಕೆ ಕಟ್ಟುತ್ತೇವೆ. ಸದಸ್ಯರೂ ಕಡಿಮೆಯಿಲ್ಲ. ಐದು ಎಂದರೆ ಆರೂವರೆಗೆ ಬಂದು, "ಇನ್ನೂ ಶುರು ಆಗಿಲ್ವಾ? ಛೆ, ಟೈಮ್ ಸೆನ್ಸೇ ಇಲ್ಲ" ಎಂದು ಬೈದುಕೊಂಡು ಕಾಫಿ ಇಟ್ಟಿರುವ ಮೂಲೆಗೆ ಹೋಗುತ್ತಾರೆ. ಸೋಮವಾರ ಆಫೀಸಿನಲ್ಲಿ ಒಂಬತ್ತರ ಮೀಟಿಂಗಿಗೆ ಎಂಟೂ ಐವತ್ತೈದಕ್ಕೇ ಕುರ್ಚಿ ಹಿಡಿಯುವವರು ಇವರೇ. ಇಂಗ್ಲಿಷಿನಲ್ಲಿ ನಮಗೆ ಗಡಿಯಾರ ಓದಲು ಬರುತ್ತದೆ, ಕನ್ನಡದಲ್ಲಿ ಬರುವುದಿಲ್ಲ. ಮೇಲಿನ ಮೆಟ್ಟಿಲಿನಿಂದ ಗಿರಿಜಾ, "ಊಟಕ್ಕ ಬರ್ರಿ" ಎಂದು ಕೂಗುತ್ತಿದ್ದಳು. ನಾನು, "ಒಂದ್ನಿಮಿಷ, ಬಂದೆ" ಎನ್ನುತ್ತಿದ್ದೆ. "ನಿಮ್ಮ ಒಂದ್ ನಿಮಿಷದಾಗ ಎಷ್ಟ್ ಸೆಕೆಂಡ ಅದಾವು ಅಂತ ಅದನ್ನೂ ಸ್ವಲ್ಪ ಬರದಿಡ್ರಿ" ಎಂದು ಅವಳು ಹೇಳಿ ಹೋಗುವಳು. ಅಷ್ಟರಲ್ಲಿ ಸಾರು ಆರಿರುತ್ತಿತ್ತು.

ಹೀಗೆ ಸಾಗುತ್ತ ಸಾಗುತ್ತ ಗೋಡೆಯ ಮಾತು ಬಂತು. ವೀಡಿಯೋದಲ್ಲಿ ಗಿರಿಜಾ ಸೊಂಟದ ಮೇಲೆ ಕೈಯಿಟ್ಟಳು. ನಾನು ನಿಲ್ಲಿಸಿದೆ. ಪರದೆಯಲ್ಲಿ ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು, ಕಂಪ್ಯೂಟರಿನ ಸುತ್ತ ಅದೇ ಮುಗಿಯದ ಗೋಡೆ, ಅದೇ ಗುಲಾಬಿ ಉಣ್ಣೆ. ಆಗ ನನಗೆ ಹೊಳೆಯಿತು, ಇಷ್ಟರವರೆಗೆ ಈ ಮಾತು ಕನ್ನಡದವರ ನಡುವೆ ಮಾತ್ರ ಇತ್ತು. ಇದನ್ನು ನಾನೇ ಕೈಯಾರೆ ಇಂಗ್ಲಿಷಿಗೆ ಇಳಿಸಿದರೆ ಕೌನ್ಸಿಲರಿಗೂ ಗೊತ್ತಾಗುತ್ತದೆ, ನನ್ನ ಮಗಳಿಗೂ ಗೊತ್ತಾಗುತ್ತದೆ. ಸ್ವಂತ ಮರ್ಯಾದೆಯನ್ನು ಸಾವಿರಾಂಶ ಸೆಕೆಂಡಿನ ನಿಖರತೆಯಲ್ಲಿ ಕಳೆದುಕೊಂಡವನು ಪ್ರಪಂಚದಲ್ಲಿ ನಾನೊಬ್ಬನೇ ಆದೇನು. ಹತ್ತು ಬೆರಳುಗಳೂ ಕೀಬೋರ್ಡಿನ ಮೇಲೆ ಸ್ವಲ್ಪ ಹೊತ್ತು ಯೋಚಿಸಿದವು. ಆಮೇಲೆ, "ಪ್ಲೀಸ್ ಫಿನಿಶ್ ದ ಬೇಸ್‌ಮೆಂಟ್, ಡಿಯರ್" ಎಂದು ಬರೆದವು. ಅನುವಾದವೆಂದರೆ ಪದಕ್ಕೆ ಪದ ಇಡುವುದಲ್ಲ, ಭಾವಕ್ಕೆ ಭಾವ ಇಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ಗಂಡ ಕೆಲಸ ಮುಗಿಸಲಿ ಎಂಬುದೇ ತಾನೆ ಅವಳ ಭಾವ? ಅವಳ ಮಾತು ಉದ್ದವಿತ್ತು, ನನ್ನ ಸಾಲು ಗಿಡ್ಡವಿತ್ತು. ಅದು ಪರದೆಯ ಮೇಲೆ ಬಹಳ ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ಇರಲಿ, ನಿಧಾನವಾಗಿ ಓದಿಕೊಳ್ಳಲಿ. ಆ ಸಂಜೆ ಗಿರಿಜಾ ಮೆಟ್ಟಿಲ ತುದಿಯಿಂದ, "ನನ್ನ ಗ್ವಾಡಿ ಮಾತ ಛಂದಾಗಿ ಹಾಕೀರಿಲ್ಲೋ?" ಎಂದು ಕೇಳಿದಳು. "ಹಾಕಿದೀನಿ ಕಣೇ, ಬಹಳ ಚೆನ್ನಾಗಿ ಬಂದಿದೆ" ಎಂದೆ. ಅವಳ ಶಪಥ ಮೊದಲ ಬಾರಿಗೆ ನನ್ನ ಉಪಯೋಗಕ್ಕೆ ಬಂತು. ಕೆಳಗೆ ಇಳಿದು ಬಂದು ಅವಳು ನೋಡುವ ಹಾಗಿರಲಿಲ್ಲ.

ಎಲ್ಲ ಮುಗಿಸಿ, ಮೊಟ್ಟಮೊದಲಿಗೆ "ಇಂಗ್ಲಿಷ್ ಅಡಿಬರಹ" ಎಂದು ನನ್ನ ಹೆಸರು ಹಾಕಿಕೊಂಡು, ಅದು ಸಾಕಷ್ಟು ಹೊತ್ತು ನಿಲ್ಲುವಂತೆ ಏರ್ಪಾಡು ಮಾಡಿ, ವೀಡಿಯೋ ಒಂದು ಫೈಲು, ಅಡಿಬರಹ ಒಂದು ಫೈಲು, ಎರಡನ್ನೂ ಒಂದೇ ಸಿ.ಡಿ.ಗೆ ಹಾಕಿ ಶ್ರೀಪತಿಯವರ ಕೈಗೆ ಕೊಟ್ಟೆ. "ಎರಡನ್ನೂ ಹೇಗಿದೆಯೋ ಹಾಗೇ ಇಡಿ, ಏನೂ ಮುಟ್ಟಬೇಡಿ" ಎಂದು ಒತ್ತಿ ಹೇಳಿದೆ. "ಮುಟ್ಟಲ್ಲ ಸಾರ್, ದೇವ್ರಾಣೆ" ಎಂದರು.

ಯುಗಾದಿಯ ಕಾರ್ಯಕ್ರಮ ಸ್ಕಾರ್‌ಬರೋದ ಒಂದು ಶಾಲೆಯ ಸಭಾಂಗಣದಲ್ಲಿ. ಕೌನ್ಸಿಲರು ಆಹ್ವಾನದ ಕಾರ್ಡಿನಲ್ಲಿದ್ದ ಹೊತ್ತಿಗೆ ಬಂದು, ಬಾಗಿಲು ತೆಗೆಯುವವರೆಗೂ ಹೊರಗೆ ಕಾರಿನಲ್ಲಿ ಕೂತಿದ್ದರಂತೆ, ಪಾಪ. ಪ್ರಾರ್ಥನೆ ಆಯಿತು, ದೀಪ ಹಚ್ಚಿದರು, ಭಾಷಣಗಳಾದವು. ಗಿರಿಜಾ ರೇಷ್ಮೆ ಸೀರೆಯುಟ್ಟು ಎರಡನೆಯ ಸಾಲಿನಲ್ಲಿ ಅನಘಾಳ ಪಕ್ಕ ಕೂತಿದ್ದಳು. ಪರದೆಗಿಂತ ಹೆಚ್ಚಾಗಿ ಮಗಳ ಮುಖವನ್ನೇ ನೋಡುತ್ತಿದ್ದಳು. ನಾನು ಹಿಂದೆ ಪ್ರೊಜೆಕ್ಟರಿನ ಹತ್ತಿರ, ಕರ್ತವ್ಯಪ್ರಜ್ಞೆಯಿಂದ ಎದೆ ಸೆಟೆಸಿ ನಿಂತಿದ್ದೆ. ದೀಪ ಆರಿತು. ಶ್ರೀಪತಿಯವರು ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿದರು. ಪ್ರೊಜೆಕ್ಟರಿನ ಕಣ್ಣಿನ ಮುಚ್ಚಳ ತೆಗೆಯುವುದನ್ನು ಮರೆತಿದ್ದರು. ಯಾರೋ ಕೂಗಿ, ಮುಚ್ಚಳ ತೆಗೆಯುವ ಹೊತ್ತಿಗೆ ನನ್ನ ಹೆಸರು ಬಂದು ಹೋಗಿತ್ತು. ಅದನ್ನು ಓದಿದ್ದು ಆ ಮುಚ್ಚಳ ಒಂದೇ.

ಪರದೆ ಬೆಳಗಿತು. ನೋಡಿದರೆ ನಾಟಕವಲ್ಲ. ನಾಲ್ಕು ಜನ ಹೆಂಗಸರು ಮೈಕಿನ ಮುಂದೆ ಸಾಲಾಗಿ ನಿಂತು ಗಣಪತಿಯ ಪ್ರಾರ್ಥನೆ ಹಾಡುತ್ತಿದ್ದರು. ಕೌನ್ಸಿಲರು ಸಭ್ಯಸ್ಥರು, ಪ್ರಾರ್ಥನೆ ಎಂದು ಗುರುತು ಹಿಡಿದು ತಕ್ಷಣ ಎದ್ದು ಕೈ ಜೋಡಿಸಿದರು. ಅವರನ್ನು ನೋಡಿ ಇಡೀ ಸಭೆ ಎದ್ದು ನಿಂತಿತು. ಆಗ ಕೆಳಗೆ, ದಪ್ಪ ಬಿಳಿ ಅಕ್ಷರಗಳಲ್ಲಿ, ನಾಟಕದ ಮೊದಲ ಮಾತು ಇಂಗ್ಲಿಷಿನಲ್ಲಿ ಮೂಡಿತು: "ಚಕ್ಕುಲಿ ಡಬ್ಬ ಖಾಲಿ ಮಾಡಿದವರು ಯಾರು?" ಕೌನ್ಸಿಲರು ಅದನ್ನು ಗಂಭೀರವಾಗಿ ಓದಿಕೊಂಡು ತಲೆ ಬಾಗಿಸಿದರು.

ನಾನು ಶ್ರೀಪತಿಯವರ ರಟ್ಟೆ ಹಿಡಿದುಕೊಂಡೆ. "ಏನ್ ಸಾರ್ ಇದು? ಮುಟ್ಟಬೇಡಿ ಅಂದಿದ್ನಲ್ಲ!" ಅವರು ಶಾಂತವಾಗಿ ಹೇಳಿದರು: "ನಿಮ್ ಫೈಲ್ ನಾನ್ ಮುಟ್ಟೇ ಇಲ್ಲ ಸಾರ್. ವೀಡಿಯೋಗೆ ಮುಂದೆ ಒಂಚೂರು ಜಾಯಿಂಟ್ ಮಾಡಿದೀನಿ, ಅಷ್ಟೆ. ಪ್ರಾರ್ಥನೆ, ಸ್ಪಾನ್ಸರ್ಸು, ನಂದೊಂದು ನಾಲ್ಕು ಮಾತು. ಪ್ರಾರ್ಥನೆ ಇಲ್ದೆ ಶುರು ಮಾಡಕ್ಕಾಗುತ್ತಾ?" ಪ್ರಾರ್ಥನೆ ಈಗ ತಾನೆ ವೇದಿಕೆಯ ಮೇಲೆ ಆಯಿತಲ್ಲ ಎಂದೆ. "ಸ್ಟೇಜಿನದು ಸ್ಟೇಜಿಗೆ ಸಾರ್, ವೀಡಿಯೋದು ವೀಡಿಯೋಗೆ" ಎಂದರು. ಅವರ ಕಣ್ಣಿನಲ್ಲಿ ತಾವು ತಪ್ಪು ಮಾಡಿದ್ದೇವೆಂಬ ನೆರಳೂ ಇರಲಿಲ್ಲ. ನಮ್ಮವರಿಗೆ ಬೇರೆ ಯಾವ ತಂತ್ರಜ್ಞಾನ ಕಲಿಸಿಕೊಟ್ಟರೂ ಅದರ ಮುಂದೆ ಒಂದು ಪ್ರಾರ್ಥನೆ, ಹಿಂದೆ ಒಂದು ವಂದನಾರ್ಪಣೆ ಅಂಟಿಸದೆ ಬಿಡುವುದಿಲ್ಲ. ಹೀಗೆ ಮುಂದೆ ಜೋಡಿಸಿದ ನಾಲ್ಕು ನಿಮಿಷದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮ ಇಷ್ಟ.

ಪ್ರಾರ್ಥನೆಯ ನಂತರ ಮನೆ ಮಾರಿಸುವ ಏಜೆಂಟರ ಚಿತ್ರ ಬಂತು. ಟೈ ಕಟ್ಟಿಕೊಂಡು, ಎದೆಯ ಮೇಲೆ ಕೈಕಟ್ಟಿ, ಹಲ್ಲು ತೋರಿಸಿ ನಿಂತಿದ್ದರು. ನಾಟಕದಲ್ಲಿ ಗಂಡ ತನ್ನ ನೆಂಟನ ಬಗ್ಗೆ ಹೇಳುವ ಮಾತು ಅವರ ಟೈಯ ಕೆಳಗೆ ಕೂತಿತು: "ಇವನ ಒಂದು ಮಾತನ್ನೂ ನಂಬಬೇಡ, ಬಾಯಿ ಬಿಟ್ಟರೆ ಸುಳ್ಳು." ಸಭೆಯಲ್ಲಿ ಮೊದಲು ಒಂದು ಗೊರಕೆಯಂಥ ಸದ್ದು ಬಂತು, ಆಮೇಲೆ ನಗು. ಅವರ ಮೂಲಕ ಮನೆ ಕೊಂಡಿದ್ದವರೇ ಹೆಚ್ಚು ನಕ್ಕರು. ಅವರ ನಂತರ ಸಿಹಿ ತಿಂಡಿಯ ಅಂಗಡಿ. ಬೆಳ್ಳಿ ಹಾಳೆ ಹೊದ್ದ ಬರ್ಫಿಗಳ ಕೆಳಗೆ: "ಮಂಗಳವಾರದಿಂದ ಫ್ರಿಜ್ಜಿನಲ್ಲಿದೆ, ಮೂಸಿ ನೋಡಿ ತಿನ್ನಿ." ಆ ಅಂಗಡಿಯ ಬರ್ಫಿ ಅವತ್ತಿನ ಊಟದಲ್ಲಿತ್ತು. ಕೊನೆಗೆ ಶ್ರೀಪತಿಯವರೇ ಪರದೆಯ ಮೇಲೆ ಬಂದು, ಜರಿಯ ಶಾಲು ಸರಿಮಾಡಿಕೊಂಡು, ಕನ್ನಡ ನಾಡು ನುಡಿಯ ಬಗ್ಗೆ ಆರಂಭಿಸಿದರು. ಕೆಳಗೆ ಹೆಂಡತಿ ಗಂಡನನ್ನು ಕೇಳುತ್ತಿದ್ದಳು: "ಇವರು ಯಾವಾಗ ಹೊರಡುತ್ತಾರಂತೆ?" ಅದಕ್ಕೆ ಗಂಡನ ಉತ್ತರ: "ಇವರು ಹೊರಡುವ ಪೈಕಿ ಅಲ್ಲ." ಅಧ್ಯಕ್ಷರು ಸತತವಾಗಿ ಮೂರನೆಯ ಅವಧಿಯಲ್ಲಿದ್ದರು. ಚಪ್ಪಾಳೆ ಬಿತ್ತು. ಅದು ತಮ್ಮ ಭಾಷಣಕ್ಕೆಂದು ತಿಳಿದು ನನ್ನ ಪಕ್ಕದಲ್ಲಿದ್ದ ಅಸಲಿ ಶ್ರೀಪತಿಯವರು ಕತ್ತಲಲ್ಲೇ ಕೈ ಮುಗಿದರು.

ಎಲ್ಲರಿಗೂ ಖುಷಿ, ನನಗೆ ಮಾತ್ರ ಇಲ್ಲ. ಏಕೆಂದರೆ ಈಗ ನಾಟಕ ಶುರುವಾಗುತ್ತಿತ್ತು. ನಾಟಕದುದ್ದಕ್ಕೂ ಅಡಿಬರಹ ನಾಲ್ಕು ನಿಮಿಷ ಮುಂದಿರುತ್ತಿತ್ತು. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಗಿರಿಜಾಳ ಯಾವ ಮಾತೂ ಮಗಳಿಗೆ ತಲುಪುವಂತಿರಲಿಲ್ಲ. ಆ ಒಂದು ಸಂಜೆಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೆಂಬುದು ನನಗೆ ಗೊತ್ತಿತ್ತು. ತಡೆಯಲಾರದೆ ನಾನು ಲ್ಯಾಪ್‌ಟಾಪಿಗೆ ಕೈ ಹಾಕಿ ನೋಟ್‌ಪ್ಯಾಡು ತೆರೆದೆ. ಪ್ರತಿ ಸಾಲಿಗೂ ನಾಲ್ಕು ನಿಮಿಷ ಕೂಡಿಸುತ್ತ ಹೋಗೋಣ ಎಂಬುದು ನನ್ನ ಯೋಜನೆ. ಲ್ಯಾಪ್‌ಟಾಪಿನಲ್ಲಿ ತೆರೆದದ್ದು ಪರದೆಯ ಮೇಲೂ ತೆರೆಯುತ್ತದೆ ಎಂಬುದು ಸಾಫ್ಟ್‌ವೇರಿನವನಾದ ನನಗೆ ಹೊಳೆಯಲಿಲ್ಲ. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಪರದೆಯ ಮೇಲೆ ಕಾಲಿಡುವ ಕ್ಷಣಕ್ಕೆ ಸರಿಯಾಗಿ ಅವಳ ಮುಖದ ಮೇಲೆ ನನ್ನ ನೋಟ್‌ಪ್ಯಾಡು ಕೂತಿತು, ತುಂಬ ಅಂಕಿಗಳು, ಬಾಣಗಳು. "ಏಯ್, ತೆಗೀರ್ರೀ ಅದನ್ನ!" ಎಂದು ಸಭೆ ಕೂಗಿತು. ಎರಡನೆಯ ಸಾಲಿನಿಂದ ಗಿರಿಜಾ ಹಿಂದಕ್ಕೆ ತಿರುಗಿ ನೋಡಿದಳು. ಕತ್ತಲಲ್ಲೂ ಆ ನೋಟ ನನಗೆ ಚೆನ್ನಾಗಿ ಕಂಡಿತು. ಮುಚ್ಚಿಬಿಟ್ಟೆ. "ಅಡ್ಜಸ್ಟ್ ಮಾಡ್ಕೊಳಿ ಸಾರ್, ಜನ ಎಂಜಾಯ್ ಮಾಡ್ತಿದಾರೆ" ಎಂದು ಶ್ರೀಪತಿಯವರು ನನ್ನ ಬೆನ್ನು ತಟ್ಟಿದರು.

ಮುಂದಿನದನ್ನೆಲ್ಲ ನಾನು ಇಂಗು ತಿಂದ ಮಂಗನ ಮುಖ ಮಾಡಿಕೊಂಡು ನೋಡಿದೆ. "ಪ್ಲೀಸ್ ಫಿನಿಶ್ ದ ಬೇಸ್‌ಮೆಂಟ್, ಡಿಯರ್" ಎನ್ನುವ ನನ್ನ ಸಾಲು, ನೆಂಟ ಒಬ್ಬನೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾಗ ಬಂದು, ಬಹಳ ಹೊತ್ತು ನಿಂತು, ಹೋಯಿತು. ನಾಲ್ಕು ನಿಮಿಷದ ಮೇಲೆ ಗಿರಿಜಾ ಸೊಂಟದ ಮೇಲೆ ಕೈಯಿಟ್ಟಳು. ಗೋಡೆಯ ಮಾತು ಹೇಳಿದಳು, ನಿಂತಳು, ಮುಗಿಸಿದಳು. ಆ ಹೊತ್ತಿಗೆ ಕೆಳಗೆ ಇದ್ದದ್ದು ಟ್ಯಾಕ್ಸಿ ಕರೆಸುವ ಬಗ್ಗೆ ಏನೋ ಒಂದು ಸಾಲು. ಸಭೆ ಬಿದ್ದು ಬಿದ್ದು ನಕ್ಕಿತು. ಮತ್ತೆ ಎಲ್ಲರೂ ನನ್ನತ್ತ ತಿರುಗಿದರು. ನಾನು ದವಡೆಯನ್ನು ಸಿದ್ಧಮಾಡಿಕೊಂಡೆ. ಕೌನ್ಸಿಲರು ಮಾತ್ರ ಟ್ಯಾಕ್ಸಿಯಲ್ಲಿ ಇಷ್ಟು ನಗುವಂಥದ್ದೇನಿದೆ ಎಂದು ಸುತ್ತಮುತ್ತ ನೋಡುತ್ತಿದ್ದರು. ಹೋಗುವಾಗ ನನ್ನ ಕೈ ಕುಲುಕಿ, ಬಹಳ ಮಾಡರ್ನ್ ನಾಟಕ, ತಮಗೆ ಹಿಡಿಸಿತು ಎಂದರು.

ಮನೆಗೆ ವಾಪಸು ಹೋಗುವಾಗ 401 ಹೆದ್ದಾರಿಯಲ್ಲಿ ಎಂದಿನಂತೆ ಗಾಡಿಗಳು ತೆವಳುತ್ತಿದ್ದವು. ಗಿರಿಜಾ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಎಂದಿನಂತೆ ಕನ್ನಡದಲ್ಲಿ ಶ್ರೀಪತಿಯವರ ಗುಣಗಾನ ಆರಂಭಿಸಿದೆ. ಹಿಂದಿನ ಸೀಟಿನಿಂದ ಅನಘಾ, "ಅಪ್ಪಾ, ಅಮ್ಮ ನೆವರ್ ಸೆಡ್ ದ್ಯಾಟ್" ಎಂದಳು. ಯಾವುದು ಎಂದೆ. "ದ ಡಿಯರ್ ಥಿಂಗ್. ಪ್ಲೀಸ್ ಫಿನಿಶ್ ದ ಬೇಸ್‌ಮೆಂಟ್, ಡಿಯರ್. ದ್ಯಾಟ್ಸ್ ನಾಟ್ ವಾಟ್ ಶಿ ಸೆಡ್." ನಾನು ಕೂಡಲೇ, "ಅದು ಟೈಮಿಂಗ್ ಪ್ರಾಬ್ಲಮ್ ಪುಟ್ಟಾ, ನಾಲ್ಕು ನಿಮಿಷ ಆಚೀಚೆ ಆಗಿಹೋಗಿತ್ತಲ್ಲ" ಎಂದೆ. ಶ್ರೀಪತಿಯವರ ಪ್ರಾರ್ಥನೆಗೆ ಆಗ ಮನಸ್ಸಿನಲ್ಲೇ ವಂದಿಸಿದೆ. "ಇಟ್ಸ್ ನಾಟ್ ದ ಟೈಮಿಂಗ್, ಅಪ್ಪಾ" ಎಂದಳು ಅವಳು. "ಆಫ್ಟರ್ ದ್ಯಾಟ್ ಲೈನ್ ಐ ವಾಸಂಟ್ ರೀಡಿಂಗ್. ಐ ವಾಸ್ ಜಸ್ಟ್ ಲಿಸನಿಂಗ್."

ಗಿರಿಜಾ ಕಿಟಕಿ ಬಿಟ್ಟು ಹಿಂದಕ್ಕೆ ತಿರುಗಿದಳು. ಆಮೇಲೆ ನನ್ನತ್ತ ತಿರುಗಿದಳು. "ನಾ ಯಾವಾಗ ನಿಮಗ ಡಿಯರ್ ಅಂದೇನ್ರೀ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನನಗೆ ಒಂದು ದಿನವೂ ನೆನಪಿಗೆ ಬರಲಿಲ್ಲ. ಅದಕ್ಕಿಂತ ದೊಡ್ಡ ಯೋಚನೆಯೊಂದು ತಲೆಗೆ ಹೊಕ್ಕಿತ್ತು. ಅನಘಾಗೆ ಕನ್ನಡ ಇಷ್ಟು ತಿಳಿಯುವುದಾದರೆ, ಉಪ್ಪಿಲ್ಲದ ಪಲ್ಯ, ಹೊಸ ಕಾರಿನ ಊಟ, ಇಷ್ಟು ವರ್ಷ ನಾನು ಈ ಕಾರಿನಲ್ಲಿ ಆಡಿದ ಮಾತುಗಳೆಲ್ಲ ಇವಳ ಕಿವಿಗೆ ಯಾವ ಅಡಿಬರಹವೂ ಇಲ್ಲದೆ ಹೊತ್ತಿಗೆ ಸರಿಯಾಗಿ ತಲುಪಿವೆ. ಮಾತು ಬದಲಾಯಿಸಲು, "ಆ ಸಾಲು ಸರಿ ಮಾಡಿಬಿಡ್ತೀನಿ ಬಿಡು. ಮನೆಗೆ ಹೋಗಿ ಮಾಡ್ತೀನಿ, ಸ್ವಲ್ಪ ತಡಿ" ಎಂದೆ.

ಬಾಯಿಂದ ಬಂದ ಮೇಲೆ ಏನು ಹೇಳಿದೆನೆಂದು ತಿಳಿಯಿತು, ಆದರೆ ತಡವಾಗಿತ್ತು. ಹಿಂದಿನ ಸೀಟಿನಿಂದ, ಹುಟ್ಟಿದಂದಿನಿಂದ ನನ್ನ ಎದುರಿಗೆ ಒಂದು ಪೂರಾ ಕನ್ನಡ ವಾಕ್ಯ ಆಡದ ಹುಡುಗಿ, ಅಚ್ಚ ಹುಬ್ಬಳ್ಳಿಯ ಧಾಟಿಯಲ್ಲಿ ಶುರು ಮಾಡಿದಳು: "ಇನ್ನೊಂದ್ ಸ್ವಲ್ಪ ತಡೀರಿ. ಆ ಗ್ವಾಡಿನ ನಿಮ್ಮ ದಾರಿ ಕಾದು ಕಾದು, ಬ್ಯಾಸತ್ತು..." ಅಲ್ಲಿ ಅಮ್ಮ ನಿಂತ ಹಾಗೆಯೇ ನಿಂತಳು. ಮುಂದಿನ ಗಾಡಿಯ ಕೆಂಪು ದೀಪ ಆರಿ, ನಾವು ಒಂದು ಗೇಣು ಮುಂದಕ್ಕೆ ಹೋದೆವು. "...ತಾನ ಎದ್ದು ನಿಂದರತೈತಿ!" ಗಿರಿಜಾ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಮಗಳೂ ನಕ್ಕಳು. ಮಿಸಿಸಾಗಾ ಬರುವವರೆಗೂ ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಇಷ್ಟು ಸಂತೋಷವಾಗಿ ಗಿರಿಜಾಳನ್ನು ನಾನು ಆ ಚಳಿಗಾಲದಲ್ಲಿ ನೋಡಿರಲಿಲ್ಲ, ಅದಕ್ಕೆ ನನ್ನ ಕಾಣಿಕೆ ಬರೀ ಆ ಗೋಡೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅನಘಾ ಮಾತಿನ ನಡುವೆ ನಿಂತ ಆ ಒಂದು ಕ್ಷಣದ ಬಗ್ಗೆಯೂ ಹೇಳಬೇಕು. ವಾರಗಟ್ಟಲೆ ಇದೇ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಅದು ಅಮ್ಮನದಕ್ಕಿಂತ ಸೆಕೆಂಡಿನ ಸಾವಿರದ ಒಂದು ಪಾಲೂ ಆಚೀಚೆ ಇರಲಿಲ್ಲ.

ಆ ಅಡಿಬರಹದ ಫೈಲು ಇನ್ನೂ ಕಂಪ್ಯೂಟರಿನಲ್ಲಿ ಹಾಗೆಯೇ ಇದೆ. "ಡಿಯರ್" ಎಂದು ಇರುವ ಸಾಲನ್ನು ತೆಗೆದು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹಾಕಬೇಕು. ದೊಡ್ಡ ಕೆಲಸವೇನಲ್ಲ. ಬೇಸ್‌ಮೆಂಟು ಒಂದು ಮುಗಿದುಬಿಡಲಿ, ಆಮೇಲೆ ಸಾವಧಾನವಾಗಿ ಕೂತು ಸರಿ ಮಾಡೋಣವೆಂದು ಇಟ್ಟಿದ್ದೇನೆ.